ಖಾಲಿ ಗಾಡಿ ತಂದಾರ ನೋಡ್ರಿ

ಬೆಳಗಿನ ಪರೇಡ್ ಮುಗಿದ ಮೇಲೆ ನಮ್ಮ ಅಗ್ನಿಶಾಮಕ ಠಾಣೆಗೆ ಒಗ್ಗರಣಿ ಮಿರ್ಚಿ ಬರುತ್ತದೆ. ರಾಯಚೂರು ಕಡೆ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೇಪರಿನ ಮೇಲೆ ಮಂಡಾಳು ಒಗ್ಗರಣೆ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ. ತಿನ್ನುತ್ತಾ ಮಾತು ಎಲ್ಲಿಂದಲಾದರೂ ಶುರುವಾಗಲಿ, ಬಂದು ನಿಲ್ಲುವುದು ಎರಡೇ ಕಡೆ. ಒಂದು ಗಾಡಿಯಲ್ಲಿರುವ ನೀರು, ಇನ್ನೊಂದು ಬೆನ್ನ ಮೇಲಿರುವ ಗಾಳಿ. ಎರಡೂ ಬೇಗ ಖಾಲಿ ಆಗುವಂಥವು.

ನೀರಿನ ಮಾತು ಬಂದರೆ ಒಂದು ಬೈಗುಳ ನೆನಪಾಗದೆ ಇರುವುದಿಲ್ಲ. ಈ ಕೆಲಸದಲ್ಲಿ ಇರುವ ಪ್ರತಿಯೊಬ್ಬನೂ ಅದನ್ನು ತಿಂದಿದ್ದಾನೆ. ‘ಖಾಲಿ ಗಾಡಿ ತಂದಾರ ನೋಡ್ರಿ!’ ಬಣವೆ ಹತ್ತಿ ಉರಿಯುತ್ತಿರುತ್ತದೆ, ನಾವು ಹೋಗಿ ಹತ್ತು ನಿಮಿಷ ನೀರು ಹೊಡೆದಿರುತ್ತೇವೆ, ಪಂಪಿನ ಸದ್ದು ಬದಲಾಗುತ್ತದೆ, ಹೋಸಿನ ತುದಿಯ ಕೊಳವೆಯಾದ ಬ್ರಾಂಚ್‌ನಿಂದ ನೀರು ಜೋತು ಬೀಳುತ್ತದೆ. ಆಗ ಹಿಂದಿನಿಂದ ಈ ಮಾತು ಬರುತ್ತದೆ. ಒಮ್ಮೆ ಮಾನ್ವಿ ಕಡೆಯ ಹಳ್ಳಿಯಲ್ಲಿ ಒಬ್ಬ ಅಜ್ಜ ಟ್ಯಾಂಕಿನ ಮೇಲೆ ಕೋಲಿನಿಂದ ಬಡಿದು ನೋಡಿದ್ದ, ಖಾಲಿ ಡಬ್ಬ ಬಡಿದು ನೋಡುವ ಹಾಗೆ.

ನಾವು ಖಾಲಿ ಗಾಡಿ ತರುವುದಿಲ್ಲ. ಒಂದು ಕರೆ ಮುಗಿಸಿ ಬಂದ ಕೂಡಲೇ ಮೊದಲ ಕೆಲಸ ಟ್ಯಾಂಕ್ ತುಂಬಿಸುವುದು. ಕೈಕಾಲು ತೊಳೆಯುವುದು ಆಮೇಲೆ. ತೊಂದರೆ ಇರುವುದು ಲೆಕ್ಕದಲ್ಲಿ.

ನೀರು ಹೊತ್ತೊಯ್ಯುವ ನಮ್ಮ ಸಾಮಾನ್ಯ ಗಾಡಿ, ಅಂದರೆ ವಾಟರ್ ಟೆಂಡರ್‌ನಲ್ಲಿ 4,500 ಲೀಟರ್ ನೀರು ಹಿಡಿಯುತ್ತದೆ. ಕೇಳಲು ದೊಡ್ಡದು, ಅಲ್ವಾ? ಬ್ರಾಂಚ್‌ಗೆ 16 ಮಿಲಿಮೀಟರ್ ನಾಜಲ್ ಹಾಕಿ 5 ಬಾರ್ ಒತ್ತಡ ಕೊಟ್ಟರೆ ನಿಮಿಷಕ್ಕೆ ಸುಮಾರು 380 ಲೀಟರ್ ಹೊರಗೆ ಹೋಗುತ್ತದೆ. 12 ನಿಮಿಷಕ್ಕೆ ಟ್ಯಾಂಕ್ ಖಾಲಿ. ಎರಡು ಬ್ರಾಂಚ್ ಹಿಡಿದರೆ ಆರೇ ನಿಮಿಷ. ಇನ್ನು ಓಣಿ ಕಿರಿದಾಗಿ ಗಾಡಿ ಒಳಗೆ ಹೋಗದಿದ್ದರೆ ಹೋಸ್ ಎಳೆಯಬೇಕು. 63 ಮಿಲಿಮೀಟರ್ ಹೋಸ್, 15 ಮೀಟರ್ ಉದ್ದದ್ದು, ಒಂದರಲ್ಲೇ 47 ಲೀಟರ್ ನೀರು ಕೂರುತ್ತದೆ. ಹತ್ತು ಹೋಸ್ ಜೋಡಿಸಿದೆವು ಅಂದರೆ ಬೆಂಕಿಗೆ ಒಂದು ಹನಿ ಬೀಳುವ ಮೊದಲೇ 470 ಲೀಟರ್ ಓಣಿಯಲ್ಲೇ ಮಲಗಿರುತ್ತದೆ.

ಹಾಗಾದರೆ ಜಾಸ್ತಿ ಹೊತ್ತು ಬರುವಂತೆ ನೀರು ಬಿಡುವುದು ಹೇಗೆ? ಇದರ ಉತ್ತರ ಅಡುಗೆಮನೆಯಲ್ಲೇ ಇದೆ. ಕಾದ ಹಂಚಿನ ಮೇಲೆ ಒಂದು ಚೊಂಬು ನೀರು ಸುರಿದರೆ ಅರ್ಧಕ್ಕರ್ಧ ಜಾರಿ ಒಲೆಗೆ ಬೀಳುತ್ತದೆ. ಅದೇ ನೀರನ್ನು ಕೈಯಲ್ಲಿ ಚಿಮುಕಿಸಿದರೆ ಚುಂಯ್ ಅಂತ ಆವಿಯಾಗಿ ಹಂಚನ್ನು ತಣಿಸುತ್ತದೆ. ನಮ್ಮ ಕಡೆಯ 30 ಡಿಗ್ರಿ ನೀರು ಕುದಿಯುವ ಮಟ್ಟಕ್ಕೆ ಬರಲು ಎಷ್ಟು ಕಾವು ಹೀರುತ್ತದೋ, ಆವಿಯಾಗುವಾಗ ಅದರ ಏಳೆಂಟು ಪಟ್ಟು ಹೀರುತ್ತದೆ. ಅಂದರೆ ಕಾಲಡಿ ಹರಿದು ಹೋದ ನೀರು ದಂಡ, ಹೊಗೆಯ ಜೊತೆ ಬಿಳಿಯಾಗಿ ಮೇಲೆದ್ದ ನೀರೇ ಕೆಲಸ ಮಾಡಿದ ನೀರು. ಅದಕ್ಕೇ ನಾವು ಎಷ್ಟೋ ಸಲ ದೊಡ್ಡ ಹೋಸ್ ಬಿಟ್ಟು ಸಣ್ಣ ಹೋಸ್ ರೀಲ್ ಬಿಚ್ಚುತ್ತೇವೆ, ನೀರನ್ನು ತುಂತುರು ಮಾಡಿ ಹೊಡೆಯುತ್ತೇವೆ. ನೋಡುವವರಿಗೆ ಅದು ಹೂದೋಟಕ್ಕೆ ನೀರು ಹಾಕಿದಂತೆ ಕಾಣುತ್ತದೆ. ‘ಸರ, ಜೋರ್ ಬಿಡ್ರಿ, ಜೋರ್!’ ಅಂತ ಕೂಗುತ್ತಾರೆ. ಜೋರಾಗಿ ಬಿಟ್ಟರೆ ಬಣವೆಯ ಕೆಂಡ ಹಾರಿ ಪಕ್ಕದ ಬಣವೆಗೆ ಹೋಗಿ ಕೂರುತ್ತದೆ. ಜೊತೆಗೆ ಜೋರು ನೀರು ಹಿಡಿಯುವವನನ್ನೂ ಹಿಂದಕ್ಕೆ ನೂಕುತ್ತದೆ. ಮೇಲೆ ಹೇಳಿದ 16 ಮಿಲಿಮೀಟರ್ ನಾಜಲ್‌ನ ಒದೆತವೇ ಸುಮಾರು 20 ಕಿಲೋ. 20 ಮಿಲಿಮೀಟರ್ ನಾಜಲ್ ಹಾಕಿ 7 ಬಾರ್ ಕೊಟ್ಟರೆ 45 ಕಿಲೋ ಹತ್ತಿರ ಹೋಗುತ್ತದೆ. ಅದನ್ನು ಒಬ್ಬನೇ ಹಿಡಿಯುತ್ತೇನೆ ಅಂದವನು ಕೆಸರಲ್ಲಿ ಬಿದ್ದದ್ದನ್ನು ಠಾಣೆಯಲ್ಲಿ ವರ್ಷಗಟ್ಟಲೆ ಹೇಳಿ ನಗುತ್ತಾರೆ.

ಬಣವೆಯ ಬೆಂಕಿ ನಮ್ಮ ಬೇಸಿಗೆಯ ಹಬ್ಬ. ಮಾರ್ಚ್‌ನಿಂದ ಮೇವರೆಗೆ ಸುಮ್ನೆ ಕೂತ ದಿನ ಕಡಿಮೆ. ಸಿಂಧನೂರು, ಗಂಗಾವತಿ ಕಡೆ ಭತ್ತದ ಹುಲ್ಲು, ಈ ಕಡೆ ಜೋಳದ ಕಣಿಕೆ. ಟ್ರ್ಯಾಕ್ಟರ್ ಟ್ರೇಲರ್‌ಗೆ ಎತ್ತರಕ್ಕೆ ಹುಲ್ಲು ಹೇರಿಕೊಂಡು ಬರುವಾಗ ಜೋತುಬಿದ್ದ ವಿದ್ಯುತ್ ತಂತಿ ತಾಗುತ್ತದೆ. ಡ್ರೈವರ್‌ಗೆ ಹಿಂದೆ ಹತ್ತಿಕೊಂಡದ್ದು ಗೊತ್ತೇ ಆಗುವುದಿಲ್ಲ, ಗೊತ್ತಾದ ಮೇಲೆ ಗಾಬರಿಯಲ್ಲಿ ಇನ್ನೂ ಜೋರಾಗಿ ಓಡಿಸುತ್ತಾನೆ. ಓಡಿಸಿದಷ್ಟೂ ಗಾಳಿ ಸಿಕ್ಕಿ ಬೆಂಕಿ ಏರುತ್ತದೆ, ದಾರಿಯುದ್ದಕ್ಕೂ ಕಿಡಿ ಉದುರುತ್ತದೆ. ಮನೆ, ಬಣವೆ ಇಲ್ಲದ ಬಯಲು ಹತ್ತಿರದಲ್ಲಿದ್ದರೆ ಅಲ್ಲಿಗೆ ನಡೆಸಿ, ಆಗುವಂತಿದ್ದರೆ ಟ್ರೇಲರ್ ಕಳಚಿ, ಇಲ್ಲವಾದರೆ ಟ್ರ್ಯಾಕ್ಟರ್ ಆಸೆ ಬಿಟ್ಟು ಇಳಿಯಿರಿ. ತಂತಿ ಇನ್ನೂ ಗಾಡಿಗೆ ತಾಗಿಕೊಂಡೇ ಇದ್ದರೆ ಮಾತ್ರ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬೇಡಿ, ಎರಡೂ ಕಾಲು ಜೋಡಿಸಿ ದೂರಕ್ಕೆ ಜಿಗಿಯಿರಿ.

ಬಣವೆ ಪೂರ್ತಿ ಹತ್ತಿದ ಮೇಲೆ ಅದನ್ನು ಉಳಿಸುವ ಲೆಕ್ಕ ನಾವು ಹಾಕುವುದಿಲ್ಲ. ಇದನ್ನು ರೈತನಿಗೆ ಹೇಳುವುದು ಕಷ್ಟದ ಕೆಲಸ. ಇರುವ ನೀರನ್ನು ಪಕ್ಕದ ಬಣವೆಗೆ, ಗುಡಿಸಲಿಗೆ, ದನ ಕಟ್ಟಿದ ಕೊಟ್ಟಿಗೆಗೆ ಹೊಡೆಯುತ್ತೇವೆ. ‘ಸುಡೂದು ಬಿಟ್ಟು ಸುಡಲಾರದಕ್ಕ ನೀರ್ ಹೊಡಿತಾರ’ ಅನ್ನುವ ಮಾತೂ ಕೇಳಿದ್ದೇನೆ. ಆ ಹೊತ್ತಿಗೆ ನಿಜವಾಗಿ ಬೇಕಾಗುವುದು ಜೆಸಿಬಿ. ಬಣವೆಯನ್ನು ಎಳೆದು ಹರವಿ, ಹರವಿದ್ದಕ್ಕೆ ನೀರು ಚಿಮುಕಿಸಿದರೆ ಮಾತ್ರ ಒಳಗಿನ ಕೆಂಡ ಸಾಯುತ್ತದೆ. ನಮ್ಮ ಸಲಕರಣೆ ಪಟ್ಟಿಯಲ್ಲಿ ಇಲ್ಲದಿದ್ದರೂ ಈ ಭಾಗದಲ್ಲಿ ಬಣವೆಯ ಬೆಂಕಿಗೆ ಅದರಷ್ಟು ಒಳ್ಳೆಯ ಸಲಕರಣೆ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಹತ್ತಿಯದು ಇದಕ್ಕಿಂತ ಮೋಸದ ಬೆಂಕಿ. ರಾಯಚೂರಿನಲ್ಲಿ ಹತ್ತಿ ಮಾರುಕಟ್ಟೆ ಇದೆ, ಸುತ್ತ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್‌ಗಳಿವೆ. ಹತ್ತಿಯ ಜೊತೆ ಒಂದು ಕಲ್ಲಿನ ಚೂರೋ ಕಬ್ಬಿಣದ ತುಂಡೋ ಯಂತ್ರಕ್ಕೆ ಹೋದರೆ ಕಿಡಿ ಏಳುತ್ತದೆ. ಆ ಕಿಡಿ ಹತ್ತಿಯೊಳಗೆ ಸೇರಿ, ಹಾಗೇ ಪ್ರೆಸ್ ಆಗಿ ಬೇಲ್ ಆಗಿಬಿಡಬಹುದು. ಒಂದು ಬೇಲ್ ಅಂದರೆ ಸುಮಾರು 170 ಕಿಲೋ ಹತ್ತಿ, ಇಟ್ಟಿಗೆಯ ಹಾಗೆ ಒತ್ತಿದ್ದು. ಹೊರಗಿನಿಂದ ತಣ್ಣಗೆ, ಬೆಳ್ಳಗೆ ಇರುತ್ತದೆ. ಒಳಗೆ ಬೂದಿ ಮುಚ್ಚಿದ ಕೆಂಡ. ದಿನಗಟ್ಟಲೆ ಹಾಗೇ ತಿನ್ನುತ್ತಾ ಹೋಗುತ್ತದೆ.

ನೀರು ಹೊಡೆದರೆ? ಒಂದು ಹಿಡಿ ಹಸಿ ಹತ್ತಿಯನ್ನು, ಅಂಗಡಿಯ ಬಿಳಿ ಹತ್ತಿಯಲ್ಲ, ಹೊಲದಿಂದ ಬಿಡಿಸಿದ್ದನ್ನು, ಬಕೆಟ್ ನೀರಿಗೆ ಹಾಕಿ ನೋಡಿ. ತೇಲುತ್ತದೆ. ಎಳೆಯ ಮೇಲೆ ಹುಟ್ಟಿನಿಂದಲೇ ಮೇಣದ ತೆಳು ಪದರ ಇದೆ. ಅದು ನೀರನ್ನು ಒಳಗೆ ಬಿಡುವುದಿಲ್ಲ. ಮೆಡಿಕಲ್ ಅಂಗಡಿಯ ಹತ್ತಿಯಲ್ಲಿ ಆ ಮೇಣ ತೆಗೆದಿರುತ್ತಾರೆ, ಅದಕ್ಕೇ ಅದು ಮುಳುಗುತ್ತದೆ. ಹಾಗಾಗಿ ಬೇಲ್ ಮೇಲೆ ಹೊಡೆದ ನೀರು ಬೆನ್ನ ಮೇಲೆ ಬಿದ್ದ ಮಳೆಯಂತೆ ಜಾರುತ್ತದೆ. ನೀರಿಗೆ ಫೋಮ್ ಕಾನ್ಸಂಟ್ರೇಟ್, ಅಂದರೆ ನೊರೆ ಬರಿಸುವ ದ್ರಾವಣ ಬೆರೆಸಿದರೆ ಸೋಪಿನ ನೀರಿನ ಹಾಗೆ ಸ್ವಲ್ಪ ಒಳಗೆ ಇಳಿಯುತ್ತದೆ. ಆಮೇಲೂ ಪಟ್ಟಿ ಕತ್ತರಿಸಿ, ಬೇಲ್ ಬಿಚ್ಚಿ, ಕೈಯಿಂದ ಬಿಡಿಸಲೇಬೇಕು. ‘ಆರಿತಲ್ಲ, ಹೋಗ್ರಿನ್ನ’ ಅಂದ ಮಾಲೀಕರ ಮಾತು ಕೇಳಿ ಗಾಡಿ ವಾಪಸ್ ತಂದು, ರಾತ್ರಿ ಎರಡಕ್ಕೆ ಅದೇ ಗೋದಾಮಿಗೆ ಮತ್ತೆ ಹೋದದ್ದು ನನ್ನದೇ ತಪ್ಪು. ಆ ಸಲ ತಗಡಿನ ಮೇಲ್ಛಾವಣಿಯೂ ಇಳಿದಿತ್ತು.

ಏಪ್ರಿಲ್ 14 ಬಂದರೆ ಠಾಣೆಗಳಲ್ಲಿ ಅಗ್ನಿಶಾಮಕ ಸೇವಾ ದಿನ ಮಾಡುತ್ತೇವೆ, ಎದೆಗೆ ಸಣ್ಣ ಧ್ವಜ ಚುಚ್ಚಿಕೊಳ್ಳುತ್ತೇವೆ. 1944ರಲ್ಲಿ ಆ ದಿನ ಮುಂಬೈನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ ಇತ್ತು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಜೊತೆಗೆ ಹತ್ತಿ ಬೇಲ್‌ಗಳೂ ಇದ್ದವು. ಸುಮಾರು ಎರಡು ಗಂಟೆ ನೀರು ಹೊಡೆದರೂ ಕೆಳಗಿನ ಬೆಂಕಿ ಎಲ್ಲಿ ಕೂತಿದೆ ಅಂತ ಸಿಗಲಿಲ್ಲ. ಜಿನ್ನಿಂಗ್ ಮಿಲ್‌ನಲ್ಲಿ ಕೆಲಸ ಮಾಡಿದ ನಮಗೆ ಆ ಎರಡು ಗಂಟೆ ಹೇಗಿತ್ತು ಅಂತ ಸ್ವಲ್ಪ ಅರ್ಥವಾಗುತ್ತದೆ.

ಇನ್ನು ಗಾಳಿಯ ಮಾತು. ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹಾಕಿಕೊಳ್ಳುವ ಸಲಕರಣೆಯನ್ನು ನಾವು ಬಿಎ ಸೆಟ್ ಅನ್ನುತ್ತೇವೆ. ಪತ್ರಿಕೆಯಲ್ಲಿ ಬರುವುದು ‘ಆಕ್ಸಿಜನ್ ಸಿಲಿಂಡರ್ ಧರಿಸಿ ಒಳನುಗ್ಗಿದರು’ ಅಂತ. ಅದರಲ್ಲಿರುವುದು ಆಕ್ಸಿಜನ್ ಅಲ್ಲ, ನೀವು ಈಗ ಉಸಿರಾಡುತ್ತಿರುವ ಇದೇ ಗಾಳಿ, ಒತ್ತಿ ತುಂಬಿದ್ದು. ಬೆಂಕಿಯೊಳಗೆ ಬರೀ ಆಕ್ಸಿಜನ್ ಹೊತ್ತುಕೊಂಡು ಹೋಗುವುದು ಒಲೆಯ ಮುಂದೆ ಸೀಮೆಎಣ್ಣೆ ಡಬ್ಬ ಹಿಡಿದು ಕೂತಂತೆ.

6.8 ಲೀಟರ್ ಸಿಲಿಂಡರ್‌ಗೆ 300 ಬಾರ್ ತುಂಬಿದರೆ ಸುಮಾರು 2,000 ಲೀಟರ್ ಗಾಳಿ ಇರುತ್ತದೆ. ಕೂತು ಹರಟುವಾಗ ನಿಮಿಷಕ್ಕೆ ಏಳೆಂಟು ಲೀಟರ್ ಸಾಕು. ಹೋಸ್ ಎಳೆಯುತ್ತಾ ಮೆಟ್ಟಿಲು ಹತ್ತಿದರೆ 40, ಹೆದರಿದರೆ ಇನ್ನೂ ಜಾಸ್ತಿ. ಪುಸ್ತಕದ 45 ನಿಮಿಷದ ಸೆಟ್ ಹೊಸ ಹುಡುಗನ ಬೆನ್ನ ಮೇಲೆ 25ಕ್ಕೇ ಸೀಟಿ ಹೊಡೆಯಬಹುದು. ಒತ್ತಡ 55 ಬಾರ್ ಹತ್ತಿರ ಬಂದಾಗ ಆ ಸೀಟಿ ಶುರುವಾಗುತ್ತದೆ. ಆಗ ಉಳಿದಿರುವುದು ಹತ್ತು ನಿಮಿಷಕ್ಕೂ ಕಡಿಮೆ. ಸೀಟಿ ಕೇಳಿ ತಿರುಗುವುದಲ್ಲ, ಸೀಟಿ ಹೊಡೆಯುವಷ್ಟರಲ್ಲಿ ಬಾಗಿಲ ಹತ್ತಿರ ಇರಬೇಕು ಅನ್ನುವುದು ನಮ್ಮ ಹಿರಿಯರ ಮಾತು.

ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ, ಸಂದಿಯಲ್ಲಿ ಗಾಳಿ ಸೋರುತ್ತದೆ. ಡಿಸೆಂಬರ್‌ನಲ್ಲಿ ಅಯ್ಯಪ್ಪ ಮಾಲೆ ಹಾಕಿದವರನ್ನು ಪಂಪಿನ ಹತ್ತಿರ ನಿಲ್ಲಿಸುತ್ತೇವೆ. ‘ಸ್ವಾಮಿ, ನೀವು ಹೊರಗ ಇರ್ರಿ’ ಅಂದರೆ ಅವರಿಗೂ ಬೇಸರವಿಲ್ಲ.

ಈ ಸೆಟ್ ನಮಗೆ ಬೆಂಕಿಗಷ್ಟೇ ಅಲ್ಲ, ಬಾವಿಗೆ, ಹಗೇವಿಗೂ ಬೇಕು. ಹಗೇವು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನೆಲದಲ್ಲಿ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ ಬಾಯಿ ಮುಚ್ಚುವ ಕಣಜ. ಒಳಗಿರುವ ಕಾಳು, ಹುಳ ಎಲ್ಲ ಉಸಿರಾಡಿ ಆಕ್ಸಿಜನ್ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತವೆ. ಕಾಳು ಕೆಡದೆ ಇರುವುದೂ ಅದಕ್ಕೇ, ಇಳಿದ ಮನುಷ್ಯ ಸಾಯುವುದೂ ಅದಕ್ಕೇ. ಈ ಗಾಳಿ ಭಾರ, ಬಾಯಿ ತೆರೆದಿಟ್ಟರೂ ತಳ ಬಿಟ್ಟು ಏಳುವುದಿಲ್ಲ. ಕಂದೀಲು ಇಳಿಸಿ ನೋಡುವ ಹಳೆಯ ಪದ್ಧತಿ ಸುಮ್ನೆ ಬಂದದ್ದಲ್ಲ. ದೀಪ ಆರಿದರೆ ಖಂಡಿತ ಇಳಿಯಬಾರದು. ಆದರೆ ದೀಪ ಉರಿಯಿತು ಅಂತ ಧೈರ್ಯವಾಗಿ ಇಳಿಯುವಂತೆಯೂ ಇಲ್ಲ. ಬಾವಿಯಲ್ಲಿ, ಚರಂಡಿ ಗುಂಡಿಯಲ್ಲಿ ಬೇರೆ ವಿಷಗಾಳಿಗಳು ಇರುತ್ತವೆ, ಅವುಗಳಿಗೆ ದೀಪ ಸಾಕ್ಷಿ ಹೇಳುವುದಿಲ್ಲ. ಇಂಥ ಕಡೆ ಮೊದಲು ಬಿದ್ದವನಿಗಿಂತ ಅವನನ್ನು ಎತ್ತಲು ಹೋದ ಅಣ್ಣ, ತಮ್ಮ, ಅಳಿಯ ಸೇರಿ ಸಾವು ಜಾಸ್ತಿ ಆಗುತ್ತದೆ. ಹಗೇವಿನ ಬಾಯಿ ಕಿರಿದು, ಸಿಲಿಂಡರ್ ಕಟ್ಟಿಕೊಂಡ ನಮಗೂ ತೂರುವುದು ಕಷ್ಟ. ಅದಕ್ಕೇ ಮೊದಲು ಬ್ಲೋಯರ್‌ನಿಂದ ಹೊಸ ಗಾಳಿ ತುಂಬುತ್ತೇವೆ. ಆ ಹೊತ್ತಿನಲ್ಲಿ ‘ಏನ್ ನಿಂತ್ ನೋಡ್ತೀರಿ’ ಅಂತ ಬೈಸಿಕೊಳ್ಳುತ್ತೇವೆ.

ಕೃಷ್ಣಾ ಉಕ್ಕಿದಾಗ ನಡುಗಡ್ಡೆಯ ಜನರನ್ನು ಬೋಟ್‌ನಲ್ಲಿ ತರುವುದು ಬೇರೆಯದೇ ಕಥೆ. ಅಲ್ಲಿ ನೀರು ಜಾಸ್ತಿ ಆದದ್ದೇ ತೊಂದರೆ.

ಮತ್ತೆ ಕಡಿಮೆ ನೀರಿಗೆ ಬರೋಣ. ಕರೆ ಮಾಡುವಾಗ, 101 ಆಗಲಿ 112 ಆಗಲಿ, ಊರು, ದಾರಿ, ಏನು ಉರಿಯುತ್ತಿದೆ ಅಂತ ಹೇಳಿದ ಮೇಲೆ ಇನ್ನೊಂದು ಮಾತು ಸೇರಿಸಿ: ಹತ್ತಿರ ನೀರು ಎಲ್ಲಿದೆ. ಕೆರೆಯೋ, ಕೃಷಿ ಹೊಂಡವೋ, ಬೋರ್‌ವೆಲ್ಲೋ. ಕರೆಂಟ್ ತಂತಿ ಬಿದ್ದಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂಗೂ ಹೇಳಿ, ಲೈನ್ ಆಫ್ ಆಗುವ ತನಕ ನಾವು ನೀರು ಮುಟ್ಟುವುದಿಲ್ಲ. ಆದರೆ ಅದೇ ಮೋಟರ್ ಲೈನ್ ಆದರೆ ಬೋರ್‌ವೆಲ್ ನಿಂತುಹೋಗುತ್ತದೆ. ಈ ಸಿಕ್ಕನ್ನು ಬಿಡಿಸುವ ದಾರಿ ನನಗಿನ್ನೂ ಸಿಕ್ಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಇದೆಯಲ್ಲ ಅನ್ನಬಹುದು. ಬಣವೆ ಸುಡುವ ಏಪ್ರಿಲ್, ಮೇ ತಿಂಗಳಲ್ಲಿ ಕಾಲುವೆಗೆ ನೀರು ಬಿಡುವುದು ನಿಂತಿರುತ್ತದೆ.

ನೀರು ಇದ್ದ ಕಡೆಯೂ ಎಳೆಯುವುದಕ್ಕೆ ಮಿತಿ ಇದೆ. ಪಂಪ್ ನೀರನ್ನು ‘ಎಳೆಯುವುದಿಲ್ಲ’. ಸಕ್ಷನ್ ಪೈಪಿನೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ಗಾಳಿಯ ಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಲೆಕ್ಕದಲ್ಲಿ ಅದು 10.3 ಮೀಟರ್, ಕೆಲಸದಲ್ಲಿ 7 ಮೀಟರ್ ಬಂದರೆ ದೊಡ್ಡದು. ಆಳದ ತೆರೆದ ಬಾವಿಯ ತುಂಬ ನೀರು ಕಾಣುತ್ತಿದ್ದರೂ ನಾವು ಕೈಕಟ್ಟಿ ನಿಲ್ಲುವುದು ಇದಕ್ಕೇ.

ಪೈಪಿನಲ್ಲಿ ಸೂಜಿಯಷ್ಟು ಸಂದಿ ಇದ್ದರೂ ಗಾಳಿ ನುಗ್ಗಿ ನೀರು ಏರುವುದಿಲ್ಲ. ಒಮ್ಮೆ ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿ ಪಂಪ್ ಶುರು ಮಾಡಿದೆವು, ನೀರು ಬರಲೇ ಇಲ್ಲ. ಕೆರೆ ತುಂಬಿತ್ತು. ಕೆಳಗೆ ನಾಲ್ಕು ಬಣವೆ ಉರಿಯುತ್ತಿದ್ದವು. ಸಕ್ಷನ್ ಬಿಚ್ಚಿ ನೋಡಿದರೆ ಕಪ್ಲಿಂಗ್‌ನಲ್ಲಿ ರಬ್ಬರ್ ವಾಷರ್ ಇಲ್ಲ. ಹಿಂದಿನ ಡ್ರಿಲ್‌ನಲ್ಲಿ ತೊಳೆಯಲು ಬಿಚ್ಚಿದ್ದು ಠಾಣೆಯ ಕಟ್ಟೆಯ ಮೇಲೆ ಒಣಗುತ್ತಿತ್ತು. ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿ ಕೂರಿಸಿದೆವು, ಅಷ್ಟರಲ್ಲಿ ಮೂರು ಬಣವೆ ಹೋಗಿದ್ದವು. ಅಂದಿನಿಂದ ನಮ್ಮ ಡ್ರೈವರ್ ಅಂಗಿಯ ಜೇಬಿನಲ್ಲಿ ಎರಡು ವಾಷರ್ ಇರುತ್ತವೆ. ಮನೆಯಲ್ಲಿ ಒಗೆಯಲು ಹಾಕಿದಾಗ ಅವು ವಾಷಿಂಗ್ ಮಷಿನ್‌ಗೆ ಹೋಗಿ, ಮನೆಯವರು ರಿಪೇರಿಯವನನ್ನು ಕರೆಸಿ, ‘ಇದು ಯಾವ ಪಾರ್ಟ್ ಬಿಚ್ಚಿ ಬಂದೈತಿ ನೋಡ್ರಿ’ ಅಂತ ಕೇಳಿದ್ದರಂತೆ.