ಮೆಣಸಿನಕಾಯಿ ಯಾಕೆ ಭತ್ತಕ್ಕಿಂತ ಜಾಸ್ತಿ ಡೀಸೆಲ್ ಕುಡಿಯುತ್ತದೆ?

ಸಿಂಧನೂರಿನಲ್ಲಿರುವ ನಮ್ಮ ಸೋದರಮಾವ ಹಳೆಯ ಪಿಕಪ್ ಕೊಟ್ಟು ಹೊಸದು ತರುವ ಯೋಚನೆಯಲ್ಲಿದ್ದಾರೆ. ಮೊನ್ನೆ ಹೋದಾಗ ಮೂರ್ನಾಲ್ಕು ಕಂಪನಿಗಳ ಬಣ್ಣದ ಕಾಗದ ಹರಡಿಕೊಂಡು ಕಟ್ಟೆ ಮೇಲೆ ಕೂತಿದ್ದರು. ಪಕ್ಕದಲ್ಲಿ ಅವರ ಡ್ರೈವರ್. ಕಾಗದ ನೋಡಿ ಅವನು ನಕ್ಕ.

‘ಇದರಾಗ ಬರದದ್ದು ಬಿಡ್ರಿ. ಗಂಗಾವತಿಗೆ ಭತ್ತ ಒಯ್ದರ ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡ್ತದ. ಬ್ಯಾಡಗಿಗೆ ಮೆಣಸಿನಕಾಯಿ ಒಯ್ದರ ಒಂಬತ್ತು ದಾಟಂಗಿಲ್ಲ. ಅದೂ ಅರ್ಧ ತೂಕಕ್ಕ!’

‘ದೂರದ ದಾರಿ ಅಂತ ಹಂಗ ಅನಸ್ತದ ನಿನಗ’ ಅಂದರು ಮಾವ.

ಡ್ರೈವರ್ ಹೇಳಿದ್ದೇ ಸರಿ. ಆದರೆ ನನಗೂ ಅದು ಒಮ್ಮೆಲೇ ಹೊಳೆಯಲಿಲ್ಲ. ಗೊಬ್ಬರದ ಅಂಗಡಿಯ ಹಳೆ ಕ್ಯಾಲೆಂಡರ್ ತಿರುಗಿಸಿ ಲೆಕ್ಕಕ್ಕೆ ಕೂತೆ.

ಸಪಾಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಗಾಡಿಯನ್ನು ಹಿಂದಕ್ಕೆ ಎಳೆಯುವವರು ಇಬ್ಬರೇ. ಒಬ್ಬ ಟೈರು, ಇನ್ನೊಬ್ಬ ಗಾಳಿ. ಟೈರು ಉರುಳುವಾಗ ನೆಲಕ್ಕೆ ತಾಗಿದ ಕಡೆ ಚಪ್ಪಟೆ ಆಗಿ, ಮತ್ತೆ ಗುಂಡಗಾಗುತ್ತದೆ. ಪ್ರತಿ ಸುತ್ತಿಗೂ ಇದೇ ಕೆಲಸ. ಹೀಗೆ ರಬ್ಬರ್ ನಾದಿಸಿಕೊಳ್ಳುವಾಗ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ. ಒಳ್ಳೆ ಡಾಂಬರು ರಸ್ತೆಯಲ್ಲಿ ಈ ಎಳೆತ ಗಾಡಿಯ ತೂಕದ ನೂರಕ್ಕೆ ಒಂದು ಭಾಗ ಅಂತ ಹಿಡಿಯಬಹುದು. ಖಾಲಿ ಪಿಕಪ್ 1,700 ಕೆಜಿ ಇದ್ದರೆ ಎಳೆತ 17 ಕೆಜಿ. ಅದರ ಮೇಲೆ 75 ಕೆಜಿಯ 20 ಚೀಲ ಭತ್ತ ಹೇರಿದರೆ ಒಟ್ಟು 3,200 ಕೆಜಿ, ಎಳೆತ 32 ಕೆಜಿ.

ಗಾಳಿಗೆ ಗಾಡಿಯ ತೂಕ ಗೊತ್ತೇ ಆಗುವುದಿಲ್ಲ. ಅದು ನೋಡುವುದು ಎದುರಿಗೆ ಎಷ್ಟು ಅಗಲ, ಎಷ್ಟು ಎತ್ತರದ ಗೋಡೆ ಬರುತ್ತಿದೆ, ಎಷ್ಟು ಜೋರಾಗಿ ಬರುತ್ತಿದೆ ಅಂತ. ಸಾಮಾನ್ಯ ಪಿಕಪ್ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಗಾಳಿಯ ಎಳೆತ ಸುಮಾರು 23 ಕೆಜಿ. 80ಕ್ಕೆ ಏರಿಸಿದರೆ 41 ಕೆಜಿ. ವೇಗ ಏರಿದ್ದು ಮೂರರಲ್ಲಿ ಒಂದು ಪಾಲು ಮಾತ್ರ, ಎಳೆತ ಹತ್ತಿರ ಹತ್ತಿರ ಎರಡರಷ್ಟು. ಗಾಳಿಯ ಎಳೆತ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ.

ಈಗ ಮೆಣಸಿನಕಾಯಿಗೆ ಬರೋಣ. ಭತ್ತದ ಚೀಲ ಬಾಡಿಯೊಳಗೆ ತಗ್ಗಾಗಿ ಕೂರುತ್ತದೆ, ಕ್ಯಾಬಿನ್ನಿನ ಮರೆಯಲ್ಲೇ ಇರುತ್ತದೆ. ಒಣ ಮೆಣಸಿನಕಾಯಿ ಹಾಗಲ್ಲ. ತೂಕ ಕಡಿಮೆ, ಜಾಗ ಜಾಸ್ತಿ. 800 ಕೆಜಿ ಹೇರುವಷ್ಟರಲ್ಲಿ ಲೋಡು ಕ್ಯಾಬಿನ್ ಮೇಲೆ ಇನ್ನೊಂದು ಆಳೆತ್ತರ ಎದ್ದು, ಎರಡೂ ಕಡೆ ಉಬ್ಬಿಕೊಂಡಿರುತ್ತದೆ. ಗಾಳಿಗೆ ಸಿಗುವ ಗೋಡೆ ಒಂದೂವರೆ ಪಟ್ಟು ದಾಟುತ್ತದೆ, ಅದರ ಆಕಾರವೂ ಒರಟು. ನನ್ನ ಅಂದಾಜಿನಲ್ಲಿ 60ರ ವೇಗದಲ್ಲೇ ಗಾಳಿಯ ಎಳೆತ 50 ಕೆಜಿ ಆಗುತ್ತದೆ. ಟೈರಿನದು 25. ಒಟ್ಟು 75. ಭತ್ತದ್ದು 32 ಮತ್ತು 23 ಸೇರಿ 55. 80ರ ವೇಗದಲ್ಲಂತೂ ಮೆಣಸಿನಕಾಯಿಗೆ 114, ಭತ್ತಕ್ಕೆ 73. ಹಗುರ ಲೋಡೇ ಜಾಸ್ತಿ ಕುಡಿಯುತ್ತಿದೆ!

ಕ್ಯಾಲೆಂಡರ್ ತೋರಿಸಿದೆ. ಡ್ರೈವರ್ ಮಾವನ ಮುಖ ನೋಡಿದ, ಮಾತಾಡಲಿಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ಮಾತು ಅಡಗಿದೆ. ಖಾಲಿ ಗಾಡಿಗೆ 60ರಲ್ಲಿ ಒಟ್ಟು ಎಳೆತ 40 ಕೆಜಿ, 20 ಚೀಲ ಹೇರಿದ ಗಾಡಿಗೆ 55. ತೂಕ ಹೆಚ್ಚುಕಡಿಮೆ ದುಪ್ಪಟ್ಟು ಆಯಿತು, ಎಳೆತ ದುಪ್ಪಟ್ಟು ಆಗಲೇ ಇಲ್ಲ. ಹಾಗಾಗಿ ಗಂಗಾವತಿಯಿಂದ ಖಾಲಿ ಬರುವ ದಾರಿ ಇದೆಯಲ್ಲ, ಅಲ್ಲಿ ಮೈಲೇಜ್ ಚೆನ್ನಾಗಿ ಕಾಣುತ್ತದೆ, ಆದರೆ ದುಡ್ಡು ಸೋರುವುದು ಅಲ್ಲೇ. ಪಿಕಪ್‌ಗೆ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವುದಕ್ಕಿಂತ ಚೀಲಕ್ಕೆ ಎಷ್ಟು ಡೀಸೆಲ್ ಅಂತ ಕೇಳಬೇಕು ಅಂತ ನನಗೆ ಅನಿಸುತ್ತದೆ. ಯಾವ ಕಂಪನಿಯ ಕಾಗದದಲ್ಲೂ ಆ ಅಂಕಿ ಇರಲಿಲ್ಲ.

ಕಾಗದದ ಮೈಲೇಜ್ ಸುಳ್ಳು ಅಂತಲ್ಲ. ಅದನ್ನು ಅಳೆಯುವ ರೀತಿ ಬೇರೆ. ನಮ್ಮಲ್ಲಿ ರೂಢಿಯಲ್ಲಿರುವ ಪರೀಕ್ಷೆಯಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ 1,180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷದೊಳಗೆ, ಸುಮಾರು 10 ಕಿ.ಮೀ. ಓಡಿಸುತ್ತಾರೆ. ಗರಿಷ್ಠ ವೇಗ 90. ಗಾಡಿಯ ಮೇಲೆ ಪೂರ್ತಿ ಲೋಡು ಇರುವುದಿಲ್ಲ, ಇಬ್ಬರು ಕೂತಷ್ಟು ಭಾರ ಮಾತ್ರ ಸೇರಿಸಿಕೊಳ್ಳುತ್ತಾರೆ. ಗಾಡಿ ಗಾಡಿ ಹೋಲಿಸಲು ಇದು ಸಾಕು. ಮೆಣಸಿನಕಾಯಿಗೆ ಸಾಲದು.

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೌಲ್ ಶಕ್ತಿ ಇದೆ. ಕರೆಂಟಿನ ಲೆಕ್ಕದಲ್ಲಿ 10 ಯೂನಿಟ್. ಅದರಲ್ಲಿ ಚಕ್ರಕ್ಕೆ ತಲುಪುವುದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಉಳಿದದ್ದು ರೇಡಿಯೇಟರ್‌ನಿಂದ, ಸೈಲೆನ್ಸರ್‌ನಿಂದ ಬಿಸಿಯಾಗಿ ಹೋಗುತ್ತದೆ. ಅಷ್ಟಿದ್ದರೂ ಭತ್ತದ ಗಾಡಿ ಲೆಕ್ಕದ ಪ್ರಕಾರ 20 ಕಿ.ಮೀ. ಕೊಡಬೇಕು. ಕೊಡುವುದು 12. ಉಳಿದ 8 ಎಲ್ಲಿ ಹೋಯಿತು?

ಬಹುಪಾಲು ಹಂಪ್ಸಿನಲ್ಲಿ. ಕಾಲುವೆ ಸೀಮೆಯಲ್ಲಿ ಊರಿಗೊಂದು ಕ್ಯಾಂಪು (ಪುಟ್ಟ ವಸತಿ), ಕ್ಯಾಂಪಿಗೆರಡು ಹಂಪ್ಸು. 3,200 ಕೆಜಿಯ ಗಾಡಿ 60ರಲ್ಲಿ ಓಡುವಾಗ ಅದರ ಓಟದಲ್ಲಿ ಸೇರಿಕೊಂಡ ಶಕ್ತಿಯನ್ನೆಲ್ಲ ಬ್ರೇಕ್ ಒತ್ತಿ ಬಿಸಿ ಮಾಡಿ ಚೆಲ್ಲುತ್ತೇವೆ. ಪೂರ್ತಿ ನಿಲ್ಲಿಸಿ ಮತ್ತೆ 60ಕ್ಕೆ ತರಲು ಬೇಕಾದ ಡೀಸೆಲ್‌ನಲ್ಲಿ ಮುಕ್ಕಾಲು ಕಿಲೋಮೀಟರ್ ಆರಾಮಾಗಿ ಹೋಗಬಹುದಿತ್ತು. ದೂರದಿಂದಲೇ ಹಂಪ್ಸ್ ನೋಡಿ ಆಕ್ಸಿಲರೇಟರ್ ಬಿಡುವ ಡ್ರೈವರ್ ಸಿಕ್ಕರೆ ಸಂಬಳ ಒಂದಿಷ್ಟು ಜಾಸ್ತಿಯೇ ಕೊಡಬಹುದು. (ಇದನ್ನು ನಾನು ಮಾವನೆದುರು ಹೇಳಲಿಲ್ಲ.)

ಇನ್ನು ಏರು. ನೂರು ಮೀಟರಿಗೆ ಒಂದೇ ಮೀಟರ್ ಏರುವ ರಸ್ತೆ ಕಣ್ಣಿಗೆ ಸಪಾಟೇ. ಆದರೆ ಅದು ತೂಕದ ನೂರಕ್ಕೆ ಒಂದು ಭಾಗ ಹೊಸ ಎಳೆತ ಸೇರಿಸುತ್ತದೆ, ಅಂದರೆ ಟೈರಿನ ಎಳೆತ ಇನ್ನೊಮ್ಮೆ. ತುಂಗಭದ್ರೆ ಕೃಷ್ಣೆಯರ ನಡುವಿನ ನಮ್ಮ ಬಯಲು ಈ ವಿಷಯದಲ್ಲಿ ಪುಣ್ಯದ ನೆಲ. ಎರೆ ಹೊಲದ ದಾರಿ ಮಾತ್ರ ಪಾಪದ್ದು. ಮೆತ್ತನೆ ಮಣ್ಣಿನಲ್ಲಿ ಟೈರು ತಾನೇ ಗುಂಡಿ ಮಾಡಿಕೊಂಡು, ಆ ಗುಂಡಿಯಿಂದ ತಾನೇ ಹತ್ತುತ್ತಾ ಹೋಗುತ್ತದೆ. ಡಾಂಬರಿಗಿಂತ ಎಳೆತ ಹಲವು ಪಟ್ಟು.

ಆಷಾಢದ ಗಾಳಿ ಇನ್ನೊಂದು ಆಟ ಆಡುತ್ತದೆ. ಪಡುವಣ ಗಾಳಿ 20ರ ವೇಗದಲ್ಲಿ ಬೀಸುತ್ತಿದ್ದರೆ, ಕೊಪ್ಪಳದಿಂದ ಹುಬ್ಬಳ್ಳಿ ಕಡೆ 60ರಲ್ಲಿ ಹೋಗುವ ಗಾಡಿಗೆ ಗಾಳಿ 80ರಲ್ಲಿ ಬಡಿಯುತ್ತದೆ. ಬರುವಾಗ 40 ಮಾತ್ರ. ಸರಿಹೋಯಿತಲ್ಲ ಅನ್ನಬೇಡಿ. ವರ್ಗದ ಲೆಕ್ಕ ಆದ್ದರಿಂದ ಹೋಗುವಾಗಿನ ನಷ್ಟ ಬರುವಾಗಿನ ಲಾಭಕ್ಕಿಂತ ದೊಡ್ಡದು.

ಮಾವನಿಗೆ ಟ್ಯಾಂಕಿನ ಚಿಂತೆಯೂ ಇತ್ತು. ಅಕ್ಕನ ಮಗ ಟೊಯೊಟಾ ಹೈಲಕ್ಸ್ ತೋರಿಸಿ ಆಸೆ ಹುಟ್ಟಿಸಿದ್ದಾನೆ: 2.8 ಲೀಟರ್ ಎಂಜಿನ್, ನಾಲ್ಕೂ ಚಕ್ರಕ್ಕೆ ಬಲ, 80 ಲೀಟರ್ ಟ್ಯಾಂಕು. ಚಂದದ ಗಾಡಿ. ಆದರೆ ಎರಡು ಸಾಲು ಸೀಟಿನ ಕ್ಯಾಬಿನ್ ಬಾಡಿಯನ್ನು ತುಂಡು ಮಾಡುತ್ತದೆ. ಬ್ಯಾಡಗಿಗೆ 200 ಕಿ.ಮೀ.ಗೂ ಜಾಸ್ತಿ ಆಗುತ್ತದೆ, ನಿಜ. ಹೋಗಿ ಬರಲು 60 ಲೀಟರ್ ಟ್ಯಾಂಕು, ಲೀಟರಿಗೆ 9 ಕೊಟ್ಟರೂ ಸಾಕು. ದಾರಿಯುದ್ದಕ್ಕೂ ಬಂಕ್‌ಗಳಿವೆ. ತಳ ಮುಟ್ಟುವವರೆಗೆ ಓಡಿಸುವುದು ಮಾತ್ರ ಬೇಡ. ಈಗಿನ ಡೀಸೆಲ್ ಎಂಜಿನ್ನಿನ ಪಂಪಿಗೆ ಆ ಡೀಸೆಲ್ಲೇ ಎಣ್ಣೆ. ಒಣಗಿದರೆ ಸವೆಯುತ್ತದೆ, ಲೈನಿನಲ್ಲಿ ಗಾಳಿ ಹಿಡಿಯುತ್ತದೆ.

ಬ್ಯಾಟರಿ ಗಾಡಿ ನೋಡಬಹುದಾ ಅಂತಲೂ ಕೇಳಿದರು. 2022ರಲ್ಲಿ ಬಂದ ಟಾಟಾ ಏಸ್ ಇವಿಯ ಬ್ಯಾಟರಿ 21.3 ಯೂನಿಟ್‌ನದು. ಎರಡು ಲೀಟರ್ ಡೀಸೆಲ್‌ನಷ್ಟು ಶಕ್ತಿ, ಅಷ್ಟೇ. ಅದರಲ್ಲಿ ಪರೀಕ್ಷೆಯ ರೋಲರ್ ಮೇಲೆ 154 ಕಿ.ಮೀ. ಓಡುತ್ತದೆ. ಮೋಟಾರ್ ಬಿಸಿ ಮಾಡಿ ಚೆಲ್ಲುವುದು ತುಂಬಾ ಕಡಿಮೆ, ಅದಕ್ಕೇ. ಕಡಿಮೆ ಲೋಡಿಗಾದರೆ ಗಂಗಾವತಿಗೆ ಅಂಥದ್ದು ಸೈ. ಬ್ಯಾಡಗಿಗೆ ಈಗಲೇ ಬೇಡ.

ಸಂಜೆಗೆ ಮಾವ ಎರಡು ಗಾಡಿಗೆ ಬಂದು ನಿಂತರು. ಎಂಜಿನ್ ಒಂದೇ ಥರ, ಒಂದರ ಬಾಡಿ ಒಂದಡಿ ಉದ್ದ. ಉದ್ದದ್ದೇ ಇರಲಿ ಅಂದೆ. ಮೆಣಸಿನಕಾಯಿ ಹಿಂದಕ್ಕೆ ಹರಡಿದರೆ ಎತ್ತರ ಇಳಿಯುತ್ತದೆ. ತಾಡಪತ್ರಿ ಬಿಗಿಯಾಗಿ ಕಟ್ಟಿದರೆ ಇನ್ನೂ ಒಳ್ಳೆಯದು. ಪಟಪಟ ಬಡಿಯುವ ತಾಡಪತ್ರಿಯೂ ಡೀಸೆಲ್ ಕುಡಿಯುತ್ತದೆ.

‘ಹಂಗಾದ್ರ ಹೊಸ ಹಗ್ಗ ಕೊಡಸ್ರಿ ಮೊದಲ’ ಅಂದ ಡ್ರೈವರ್.