ಅಣಬೆ ಗಿಡ ಅಲ್ಲ ಅಂದ್ರೆ ಮತ್ತೇನು?

ಓದುಗರ ಪ್ರಶ್ನೆ: "ಮಗಳು ಧಾರವಾಡದಲ್ಲಿ ಪಿಯುಸಿ ಮೊದಲ ವರ್ಷ. ಅಣಬೆ ಸಸ್ಯವೇ ಅಲ್ಲ, ಅದರ ಸಾಮ್ರಾಜ್ಯವೇ ಬೇರೆ ಅಂತಾಳೆ. ಮಣ್ಣಲ್ಲಿ ಹುಟ್ಟುತ್ತೆ, ಓಡಾಡಲ್ಲ. ಗಿಡ ಅಲ್ಲದೆ ಇನ್ನೇನು?"

ಮಗಳು ಹೇಳಿದ್ದೇ ಸರಿ. ಆದರೆ 1735ರಲ್ಲಿ ಜೀವಿಗಳನ್ನು ಸಸ್ಯ, ಪ್ರಾಣಿ ಅಂತ ಎರಡೇ ಪಾಲು ಮಾಡಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಕೂಡ ನಿಮ್ಮ ಹಾಗೇ ಯೋಚಿಸಿ ಅಣಬೆಯನ್ನು ಸಸ್ಯದ ಕಡೆಗೆ ಹಾಕಿದ್ದ. 1969ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ವಿಟೇಕರ್ ಐದು ಸಾಮ್ರಾಜ್ಯ, ಅಂದ್ರೆ ಐದು ದೊಡ್ಡ ಗುಂಪು ಮಾಡಿ, ಅಣಬೆಯಂಥ ಶಿಲೀಂಧ್ರಗಳಿಗೆ ಅಂತಲೇ ಒಂದನ್ನು ಬಿಟ್ಟುಕೊಟ್ಟ. ಮೊನೆರಾ (ಬ್ಯಾಕ್ಟೀರಿಯಾದಂಥವು), ಪ್ರೊಟಿಸ್ಟಾ (ಅಮೀಬಾದಂಥವು), ಶಿಲೀಂಧ್ರ, ಸಸ್ಯ, ಪ್ರಾಣಿ: ಪಿಯುಸಿ ಪುಸ್ತಕದಲ್ಲಿ ಇರುವುದು ಇವೇ.

ಅವನು ನೋಡಿದ ಮುಖ್ಯ ವಿಷಯಗಳಲ್ಲಿ ಒಂದು, ಊಟ ಹೇಗೆ ಅನ್ನೋದು. ಗಿಡ ಬಿಸಿಲಲ್ಲಿ ತನ್ನ ಅಡಿಗೆ ತಾನೇ ಮಾಡಿಕೊಳ್ಳುತ್ತದೆ. ಪ್ರಾಣಿ ನುಂಗಿ, ಒಳಗೆ ಅರಗಿಸುತ್ತದೆ. ಅಣಬೆ ಹೊರಗೇ ರಸ ಬಿಟ್ಟು, ಅಲ್ಲೇ ಅರಗಿಸಿ, ಆಮೇಲೆ ಹೀರುತ್ತದೆ. ಮಳೆ ಬಿದ್ದ ಮೇಲೆ ಕಲಘಟಗಿ ಕಡೆ ಹುತ್ತದ ಸುತ್ತ ಏಳುವ ಅಣಬೆಯನ್ನೇ ತಗೊಳ್ಳಿ. ನಮಗೆ ಕಾಣೋದು ಬರೀ ಛತ್ರಿ. ನಿಜವಾದ ಜೀವಿ ಒಳಗೆ ಬಿಳಿ ನೂಲಿನ ಹಾಗೆ ಹರಡಿಕೊಂಡಿರುತ್ತದೆ. ಗೆದ್ದಲುಗಳು ಕಟ್ಟಿಗೆ, ಒಣ ಎಲೆ ತಂದು ಹಾಕುತ್ತವೆ, ಶಿಲೀಂಧ್ರ ಅದನ್ನು ಕರಗಿಸುತ್ತದೆ, ಗೆದ್ದಲು ಅದನ್ನೇ ತಿಂದು ಬದುಕುತ್ತವೆ. ಥೇಟ್ ಒಕ್ಕಲುತನ!

ಇನ್ನೊಂದು ಮಜಾ ಇದೆ. ಅಣಬೆಯ ಜೀವಕೋಶದ ಗೋಡೆಯಲ್ಲಿರೋದು ಕೈಟಿನ್, ಏಡಿ ಚಿಪ್ಪಲ್ಲೂ ಇರುವಂಥದ್ದು. ಶಕ್ತಿ ಕೂಡಿಡೋದು ಗಿಡದ ಹಾಗೆ ಪಿಷ್ಟವಾಗಿ ಅಲ್ಲ, ನಮ್ಮ ಲಿವರ್‌ನಲ್ಲಿರುವ ಗ್ಲೈಕೋಜನ್ ಆಗಿ. ಡಿಎನ್ಎ ನೋಡಿದರೂ ಅದು ಗಿಡಕ್ಕಿಂತ ನಮಗೇ ಹತ್ತಿರದ ಬಳಗ. ಹಾಗಾದ್ರೆ ಶ್ರಾವಣದಲ್ಲಿ ತಿನ್ನಬಹುದಾ ಅಂತ ನನ್ನ ಕೇಳಬೇಡಿ, ಅದು ಜೀವಶಾಸ್ತ್ರದ ಪ್ರಶ್ನೆ ಅಲ್ಲ.

ಐದು ಅನ್ನೋದೂ ಕೊನೆಯ ಮಾತಲ್ಲ. ಮೊನೆರಾ ಅಂತ ಒಂದೇ ಗಂಟಲ್ಲಿ ಕಟ್ಟಿದ್ದರೊಳಗೆ ಎರಡು ಪೂರ್ತಿ ಬೇರೆ ಗುಂಪುಗಳಿವೆ ಅಂತ 1977ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಕಾರ್ಲ್ ವೋಸ್, ಜಾರ್ಜ್ ಫಾಕ್ಸ್ ತೋರಿಸಿದರು. ಪರೀಕ್ಷೆಗೆ ಮಾತ್ರ ಐದೇ ಬರೀಲಿ.

ಇದೆಲ್ಲ ಸುಮ್ನೆ ಪುಸ್ತಕದ ಜಗಳ ಅಂದ್ಕೋಬೇಡಿ. ಬಟಾಟೆ ಹೊಲದಲ್ಲಿ ಮೋಡ ಕವಿದ ದಿನ ಎಲೆಯ ಅಂಚು ನೀರಲ್ಲಿ ನೆನೆದ ಹಾಗಾಗಿ ಕಪ್ಪಾಗುತ್ತೆ, ಬೆಳಿಗ್ಗೆ ಎಲೆ ತಿರುವಿ ನೋಡಿದರೆ ಬಿಳಿ ಬೂಸ್ಟು. ಅದೇ ಅಂಗಮಾರಿ. ನೋಡಿದರೆ ಶಿಲೀಂಧ್ರವೇ, ಆದರೆ ಅಲ್ಲ. ಅದರ ಗೋಡೆಯಲ್ಲಿ ಮುಖ್ಯವಾಗಿ ಕೈಟಿನ್ ಇಲ್ಲ, ಗಿಡದ ಗೋಡೆಯಲ್ಲಿರುವಂಥ ಸೆಲ್ಯುಲೋಸ್ ಇದೆ. ಅದು ಕಂದು ಪಾಚಿಗಳ ದೂರದ ನೆಂಟ. ಹಾಗಾಗಿ ಎಷ್ಟೋ ಶಿಲೀಂಧ್ರ ರೋಗಕ್ಕೆ ಹೊಡೆಯುವ ಕಾರ್ಬೆಂಡಜಿಮ್ ಇದರ ಮುಂದೆ ನಡೆಯೋದಿಲ್ಲ. ಮೆಟಲಾಕ್ಸಿಲ್‌ನಂಥ ಬೇರೆ ಔಷಧಿಯೇ ಬೇಕು, ಅದಕ್ಕೂ ಬಗ್ಗದ ತಳಿಗಳು ಈಗ ಇವೆ. ಅಂಗಡಿಗೆ ಹೋದಾಗ "ಬೂಸ್ಟಿಗೆ ಏನಾದ್ರೂ ಕೊಡ್ರಿ" ಅನ್ನೋ ಬದಲು ರೋಗದ ಎಲೆಯನ್ನೇ ಕಿತ್ತುಕೊಂಡು ಹೋಗಿ ತೋರಿಸಿ.