ಜಾಗ ಮಾರುವಾಗ ಕೊಂಡ ಬೆಲೆ ಯಾಕೆ ಅಡ್ಡ ಬರುತ್ತದೆ?

ಹಣ ಮತ್ತು ಮನಸ್ಸಿನ ಪಾಠ ಶುರುವಾಗುವುದೇ ಮನಶ್ಶಾಸ್ತ್ರಜ್ಞರಾದ ಕಾನೆಮನ್, ಟ್ವರ್ಸ್ಕಿ ಅವರಿಂದ. 1979ರಲ್ಲಿ ಅವರು ಹೇಳಿದ್ದು ಇಷ್ಟು: ನಾವು ಒಟ್ಟು ಎಷ್ಟು ಹಣ ಇದೆ ಎಂದು ನೋಡುವುದಿಲ್ಲ. ಮನಸ್ಸಿನಲ್ಲಿ ಒಂದು ಗುರುತು ಇಟ್ಟುಕೊಂಡು, ಅದಕ್ಕಿಂತ ಮೇಲೋ ಕೆಳಗೋ ಎಂದು ನೋಡುತ್ತೇವೆ. ಸಾವಿರ ಹೋದ ಸಂಕಟ, ಸಾವಿರ ಬಂದ ಖುಷಿಗಿಂತ ದೊಡ್ಡದು; ಸುಮಾರು ಎರಡು ಪಟ್ಟು ಎಂಬ ಅಂದಾಜನ್ನು ಅವರೇ 1992ರಲ್ಲಿ ಕೊಟ್ಟರು. ಇಷ್ಟು ಸುಲಭ.

ಜಾಗ, ಮನೆಯ ವಿಷಯದಲ್ಲಿ ಆ ಗುರುತು ಹೆಚ್ಚಾಗಿ ಕೊಂಡ ಬೆಲೆಯೇ. ಇದನ್ನು ಅಳೆದು ತೋರಿಸಿದವರು ಅರ್ಥಶಾಸ್ತ್ರಜ್ಞರಾದ ಜೆನೆಸೋವ್ ಮತ್ತು ಮೇಯರ್. 1990ರ ದಶಕದ ಬಾಸ್ಟನ್ ಫ್ಲ್ಯಾಟ್ ಮಾರಾಟಗಳನ್ನು ನೋಡಿ 2001ರಲ್ಲಿ ಬರೆದರು. ನಷ್ಟದಲ್ಲಿರುವವರು ಶೇಕಡಾ 25ರಿಂದ 35 ಜಾಸ್ತಿ ಹೇಳುತ್ತಾರೆ ಅಂತ ಓದಿ ಮುಂದೆ ಹೋಗಬೇಡಿ. ಯಾವುದರ ಶೇಕಡಾ? ಬೆಲೆಯದ್ದಲ್ಲ. ಕೊಂಡ ಬೆಲೆಗೂ ಈಗ ಸಿಗಬಹುದಾದ ಬೆಲೆಗೂ ನಡುವಿನ ಅಂತರದ್ದು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಕ್ಕಪಕ್ಕ ಎರಡು ಜಾಗ ಅಂದುಕೊಳ್ಳಿ (ಅಂಕಿಗಳು ಸುಮ್ನೆ ಲೆಕ್ಕಕ್ಕೆ). ಎರಡೂ 10 ಸೆಂಟ್ಸ್, ಒಂದೇ ದಾರಿ. ಈಗ ತಲಾ 24 ಲಕ್ಷ ಸಿಗಬಹುದು. ಒಬ್ಬರು ಕೊಂಡದ್ದು 15 ಲಕ್ಷಕ್ಕೆ, ಅವರಿಗೆ ಚಿಂತೆ ಇಲ್ಲ. ಇನ್ನೊಬ್ಬರು ಕೊಂಡದ್ದು 30ಕ್ಕೆ. ಅಂತರ 6 ಲಕ್ಷ. ಅದರ ಶೇಕಡಾ 25 ಅಂದರೆ 1.5 ಲಕ್ಷ, ಶೇಕಡಾ 35 ಅಂದರೆ 2.1 ಲಕ್ಷ. ಅಂಥದ್ದೇ ಜಾಗಕ್ಕೆ ಎರಡನೆಯವರು ಇಷ್ಟು ಜಾಸ್ತಿ ಹೇಳುತ್ತಾರೆ. 24 ಲಕ್ಷದ ಮೇಲೆ ಶೇಕಡಾ 25 ಹಾಕಿದರೆ ನೇರ 30ಕ್ಕೇ ಹೋಗಿ ನಿಲ್ಲುತ್ತದೆ. ಅದು ಬೇರೆಯೇ ಕಥೆ.

ಕೊನೆಗೆ ಕೈಗೆ ಬರುವ ಹೆಚ್ಚುವರಿ ಎಷ್ಟು? ಅದೇ ಅಂತರದ ಶೇಕಡಾ 3ರಿಂದ 18: ಅಂದರೆ 18,000ದಿಂದ 1,08,000 ರೂಪಾಯಿ. ಪಟ್ಟು ಹಿಡಿದದ್ದು ಪೂರ್ತಿ ದಂಡ ಅಲ್ಲ. ಆದರೆ ಮಾರಾಟ ತುಂಬ ತಡ. 24 ಲಕ್ಷಕ್ಕೆ ವರ್ಷಕ್ಕೆ ಶೇಕಡಾ 6 ಬಡ್ಡಿ ಹಿಡಿದರೂ ತಿಂಗಳಿಗೆ 12,000. ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಅಲ್ವಾ? ಹೂಡಿಕೆಗೆ ಕೊಂಡವರಿಗೂ ಈ ಚಾಳಿ ಇದೆ. ಸ್ವಂತ ವಾಸದವರು ಬೆಲೆ ಏರಿಸಿ ಹೇಳುವುದು ಅವರ ಎರಡು ಪಟ್ಟು.

ನಮ್ಮ ಕಡೆ ಗಲ್ಫ್ ದುಡ್ಡಿನ ತಮಾಷೆ ಬೇರೆ. 2014ರಲ್ಲಿ ದಿರ್ಹಮಿಗೆ 16 ರೂಪಾಯಿ ಚಿಲ್ಲರೆ, 2024ರಲ್ಲಿ 22 ದಾಟಿತ್ತು. ಆಗ 30ಕ್ಕೆ ಕೊಂಡು ಹತ್ತು ವರ್ಷದ ಮೇಲೆ 30ಕ್ಕೇ ಮಾರಿದವರು "ಅಸಲು ಬಂತು" ಅನ್ನುತ್ತಾರೆ. ದಿರ್ಹಮಿನಲ್ಲಿ ನೋಡಿದರೆ ಸುಮಾರು ಕಾಲು ಭಾಗ ಹೋಗಿದೆ.

ಗುರುತು ಮರೆಯಲು ಎಲ್ಲರೂ ಹೇಳಿಕೊಡುವ ಪ್ರಶ್ನೆ: "ಇವತ್ತು ಕೈಯಲ್ಲಿ 24 ಲಕ್ಷ ಇದ್ದರೆ ಇದೇ ಜಾಗ ಕೊಳ್ಳುತ್ತಿದ್ದೆನಾ?" ಕೇರಳದಲ್ಲಿ ಇದು ಸರಿ ಕೂರುವುದಿಲ್ಲ. ಆಧಾರ (ಕ್ರಯಪತ್ರ) ಮಾಡಿಸಲು ಮುದ್ರಾಂಕ ಶುಲ್ಕ ಶೇಕಡಾ 8, ನೋಂದಣಿ ಶೇಕಡಾ 2. ಕೊಳ್ಳುವವರಿಗೆ 26.4 ಲಕ್ಷ ಬೀಳುತ್ತದೆ. ಜಾಗ ಚೆನ್ನಾಗಿದ್ದರೂ ಉತ್ತರ "ಬೇಡ" ಅಂತಲೇ ಬರಬಹುದು. ನಾನು ಹೀಗೆ ಕೇಳಿಕೊಳ್ಳುತ್ತೇನೆ: ಯಾರೋ ಪುಕ್ಕಟೆ ಕೊಡುತ್ತಾರೆ, 24 ಲಕ್ಷ ನಗದು ಅಥವಾ ಈ ಜಾಗ. ಯಾವುದು ಬೇಕು? ನಗದು ಅನ್ನಿಸಿದರೆ ಬ್ರೋಕರಿಗೆ ಫೋನ್ ಮಾಡಬಹುದು. ಈ ಲೆಕ್ಕದಲ್ಲಿ 30 ಎಲ್ಲೂ ಬರುವುದಿಲ್ಲ. ಅದು ಬೇಕಾಗುವುದು ಆದಾಯ ತೆರಿಗೆಯವರಿಗೆ ನಷ್ಟ ತೋರಿಸಲು ಮಾತ್ರ.